ಅರ್ಥ ತಿಳಿಯದೆ ಬರೆಯುವ ಲಿಪಿಕಾರ

ಮಹಾಭಾರತವನ್ನು ಬರೆದುಕೊಡುವಂತೆ ವ್ಯಾಸರು ಗಣಪತಿಯನ್ನು ಕೇಳಿಕೊಂಡ ಕಥೆ ಎಲ್ಲರಿಗೂ ಗೊತ್ತಿರುವುದೇ. ಬರೆಯಲು ಒಪ್ಪಿದ ಗಣಪತಿ ಒಂದು ಷರತ್ತು ಹಾಕಿದ. ತನ್ನ ಲೇಖನಿ ಒಂದು ಕ್ಷಣವೂ ನಿಲ್ಲಬಾರದು, ನಿಂತರೆ ಎದ್ದು ಹೋಗುವೆನೆಂದ. ವ್ಯಾಸರೇನು ಕಡಿಮೆಯವರೇ? ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಕೂಡದೆಂದು ತಿರುಗಿ ಷರತ್ತು ಹಾಕಿದರು. ಮುಂದಿನದನ್ನು ಯೋಚಿಸಲು ಬಿಡುವು ಬೇಕಾದಾಗಲೆಲ್ಲ ಅವರು ಒಂದು ಗಂಟು ಶ್ಲೋಕವನ್ನು ಹೇಳುತ್ತಿದ್ದರಂತೆ. ಗಣಪತಿ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮತ್ತಷ್ಟು ಶ್ಲೋಕಗಳು ಸಿದ್ಧವಾಗಿರುತ್ತಿದ್ದವು.

ಈ ಪ್ರಸಂಗ ಮೂಲ ಮಹಾಭಾರತಕ್ಕೆ ಸೇರಿದ್ದಲ್ಲವೆಂದು ಪುಣೆಯ ಭಂಡಾರಕರ್ ಸಂಸ್ಥೆಯ ಪಂಡಿತರು ತಮ್ಮ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ಅನುಬಂಧಕ್ಕೆ ತಳ್ಳಿದ್ದಾರೆ. ಮೂಲವೋ ಪ್ರಕ್ಷಿಪ್ತವೋ, ಹೇಳಿ ಬರೆಸುವ ಕೆಲಸದ ಒಳಗುಟ್ಟನ್ನು ಇಷ್ಟು ಚುಟುಕಾಗಿ ಹೇಳುವ ಕಥೆ ಇನ್ನೊಂದು ಸಿಗುವುದು ಕಷ್ಟ. ಕನ್ನಡಿಗರಿಗಂತೂ ಇದು ಹತ್ತಿರದ ವಿಷಯ. ಗದುಗಿನ ಕುಮಾರವ್ಯಾಸ ತನ್ನ ಭಾರತದ ಕವಿ ವೀರನಾರಾಯಣನೆಂದೂ ತಾನು ಬರಿಯ ಲಿಪಿಕಾರನೆಂದೂ ಹೇಳಿಕೊಂಡ. ಹಲಗೆ ಬಳಪಗಳಲ್ಲಿ ಕರಡು ಬರೆದುಕೊಳ್ಳದೆ ನೇರವಾಗಿ ಓಲೆಗೆ ಇಳಿಸಿದ್ದು ತನ್ನ ಹೆಗ್ಗಳಿಕೆಯೆಂದೂ ಸೇರಿಸಿದ.

ಈಗ ಲಿಪಿಕಾರನ ಆ ಪೀಠದಲ್ಲಿ ಯಂತ್ರ ಬಂದು ಕುಳಿತಿದೆ. ಮೊಬೈಲ್ ಫೋನಿನ ಕೀಲಿಮಣೆಯ ಒಂದು ಮೂಲೆಯಲ್ಲಿ ಮೈಕಿನ ಚಿತ್ರವಿದೆ. ಅದನ್ನೊತ್ತಿ ಮಾತಾಡಿದರೆ ಅಕ್ಷರಗಳು ತಾವಾಗಿ ಮೂಡುತ್ತವೆ. ಊರಿನ ಅಕ್ಕನಿಗೆ ಸಂದೇಶ ಕಳಿಸುವುದಕ್ಕೆ ಇದು ಬಳಕೆಯಾಗುತ್ತಿರುವುದರಲ್ಲಿ ಹೊಸದೇನಿಲ್ಲ. ಕುತೂಹಲದ ಸಂಗತಿಯೆಂದರೆ, ಇನ್ನೂರು ಮುನ್ನೂರು ಪುಟದ ಸಂಶೋಧನ ಪ್ರಬಂಧಗಳನ್ನೂ ಹೀಗೆ ಬಾಯಲ್ಲಿ ಹೇಳಿಯೇ ಬರೆಯುವವರಿದ್ದಾರೆ. ಕೆಲವರಿಗೆ ಅದು ಸಮಯ ಉಳಿಸುವ ದಾರಿ. ಬೆರಳು, ಮಣಿಕಟ್ಟು, ಮೊಣಕೈಗಳ ನೋವಿನಿಂದ ಕೀಲಿಮಣೆ ಮುಟ್ಟಲಾಗದವರಿಗೆ, ಕಣ್ಣು ಕಾಣದವರಿಗೆ ಓದು ಮುಂದುವರಿಸಲು ಇರುವ ಒಂದೇ ದಾರಿಯೂ ಆಗಿರಬಹುದು. ಈ ಯಂತ್ರ ಲಿಪಿಕಾರ ಗಣಪತಿಯ ಷರತ್ತನ್ನು ಚಾಚೂ ತಪ್ಪದೆ ನಡೆಸಿಕೊಡುತ್ತಾನೆ, ಅವನ ಲೇಖನಿ ನಿಲ್ಲುವುದಿಲ್ಲ. ತೊಡಕಿರುವುದೆಲ್ಲ ವ್ಯಾಸರ ಷರತ್ತಿನಲ್ಲಿ.

ದರ್ಜಿಯ ಹುಡುಗನ ಬೀಜಗಣಿತ

ವಿದ್ವತ್ ಬರಹವನ್ನು ಬಾಯಲ್ಲಿ ಹೇಳಿ ಬರೆಸಿದವರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರನನ್ನು ಮೀರಿಸಿದವರು ಯಾರೂ ಇಲ್ಲವೆನ್ನಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1707ರಲ್ಲಿ ಹುಟ್ಟಿದ ಈತ 1738ರ ಸುಮಾರಿಗೆ ಬಲಗಣ್ಣು ಕಳೆದುಕೊಂಡ. 1766ರಲ್ಲಿ ಬರ್ಲಿನ್ ಬಿಟ್ಟು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಎಡಗಣ್ಣಿಗೆ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನ ಬೆಳಕು ಕಂಡರೂ ಅದು ಉಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಲೇಖನಿ ಕೆಳಗಿಡುತ್ತಿದ್ದರು. ಆಯ್ಲರನ ಒಟ್ಟು ಬರಹದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹುಟ್ಟಿದ್ದು ಕುರುಡಾದ ಮೇಲೆ!

ಅವನ ಹೆಸರಾಂತ ಬೀಜಗಣಿತದ ಪುಸ್ತಕ ಬರೆದುಕೊಂಡವನು ಬರ್ಲಿನ್ನಿನಿಂದ ಜತೆಗೆ ಬಂದಿದ್ದ ದರ್ಜಿಯೊಬ್ಬನ ಕೈಕೆಳಗೆ ಕೆಲಸ ಕಲಿತಿದ್ದ ಹುಡುಗ. ಗಣಿತದ ಗಂಧವಿಲ್ಲದ ಆ ಹುಡುಗ, ಒಡೆಯ ಹೇಳಿದ್ದನ್ನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ತಾನೇ ಬೀಜಗಣಿತ ಕಲಿತುಬಿಟ್ಟನೆಂದು ಆ ಕಾಲದವರು ದಾಖಲಿಸಿದ್ದಾರೆ. ಜರ್ಮನ್ ಭಾಷೆಯಲ್ಲಿ 1770ರಲ್ಲಿ ಹೊರಬಂದ ಪುಸ್ತಕ ತಲೆಮಾರುಗಳ ಕಾಲ ಪಠ್ಯವಾಗಿ ನಿಂತಿತು. ಅದರ ಸರಳತೆಗೆ ಆ ಹುಡುಗನೂ ಕಾರಣನಿರಬಹುದು. ಎದುರಿಗೆ ಕುಳಿತವನ ಮುಖ ಕಾಣದಿದ್ದರೂ, ಅವನ ಲೇಖನಿ ಎಲ್ಲಿ ತಡವರಿಸಿತು ಎಂಬುದು ಕಿವಿಗೆ ಬೀಳುತ್ತದಲ್ಲ!

ಮುಂದೆ ಬಂದ ಲಿಪಿಕಾರರು ಇನ್ನೂ ದೊಡ್ಡವರು. ಮಗ ಯೋಹಾನ್ ಆಲ್ಬ್ರೆಕ್ಟ್, ಖಗೋಳಜ್ಞ ಲೆಕ್ಸೆಲ್, 1773ರಲ್ಲಿ ಬಾಸೆಲ್‌ನಿಂದ ಬಂದ ತರುಣ ನಿಕೊಲಾಸ್ ಫುಸ್ ಮುಂತಾದವರು ಆಯ್ಲರನ ಸುತ್ತ ಸೇರಿದರು. ಆಯ್ಲರ್ ವಿಷಯ ಹೇಳುವನು, ಚರ್ಚೆ ನಡೆಯುವುದು, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸೂತ್ರ ಗೀಚುವನು. ಅದನ್ನು ಲೆಕ್ಕಹಾಕಿ, ಬೆಳೆಸಿ, ಪ್ರಬಂಧದ ರೂಪಕ್ಕೆ ತರುವುದು ಶಿಷ್ಯರ ಪಾಲು. ಫುಸ್ ಒಬ್ಬನೇ ಸುಮಾರು ಏಳು ವರ್ಷಗಳಲ್ಲಿ 250ಕ್ಕೂ ಹೆಚ್ಚು ಪ್ರಬಂಧಗಳನ್ನು ಸಿದ್ಧಪಡಿಸಲು ನೆರವಾದ. ಆಯ್ಲರ್ 1783ರಲ್ಲಿ ತೀರಿಕೊಂಡ ಮೇಲೂ, ಬಾಕಿ ಉಳಿದ ಪ್ರಬಂಧಗಳನ್ನು ಅಚ್ಚು ಹಾಕಿ ಮುಗಿಸಲು ಪೀಟರ್ಸ್‌ಬರ್ಗಿನ ಅಕಾಡೆಮಿಗೆ ಹೆಚ್ಚುಕಡಿಮೆ ಐವತ್ತು ವರ್ಷ ಹಿಡಿಯಿತು. ಇವರೆಲ್ಲ ವ್ಯಾಸರ ಷರತ್ತಿಗೆ ಒಪ್ಪಿದ ಲಿಪಿಕಾರರು. ಗುರು ಬಾಯಿತಪ್ಪಿ ಒಂದು ಅಂಕಿ ಬದಲಿಸಿದರೆ ಬರೆಯುವ ಕೈ ಅಲ್ಲೇ ನಿಲ್ಲುತ್ತಿತ್ತು.

ಸಾಹಿತ್ಯದಲ್ಲೂ ಇಂಥ ಜೋಡಿಗಳಿವೆ. ಪ್ರಕಾಶಕನ ಗಡುವಿಗೆ ಸಿಕ್ಕಿಬಿದ್ದ ದಸ್ತಯೇವ್‌ಸ್ಕಿ 1866ರ ಅಕ್ಟೋಬರಿನಲ್ಲಿ ಶೀಘ್ರಲಿಪಿ ಬಲ್ಲ ಅನ್ನಾ ಸ್ನಿತ್ಕಿನಾ ಎಂಬ ತರುಣಿಗೆ ಹೇಳಿ ಬರೆಸಿ ಇಪ್ಪತ್ತಾರು ದಿನಗಳಲ್ಲಿ 'ಜೂಜುಕೋರ' ಕಾದಂಬರಿ ಮುಗಿಸಿದ. ಮರು ವರ್ಷ ಅವಳನ್ನೇ ಮದುವೆಯಾದ. ಹೆನ್ರಿ ಜೇಮ್ಸ್‌ನದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ ಕಥೆ. ಮಣಿಕಟ್ಟಿನ ನೋವು ತಾಳಲಾರದೆ 1897ರಲ್ಲಿ ಅವನು ಕೈಬರಹ ಬಿಟ್ಟು ಬೆರಳಚ್ಚುಗಾರನಿಗೆ ಹೇಳಿ ಬರೆಸಲು ಶುರುಮಾಡಿದ. 1907ರಿಂದ ಅವನಿಗೆ ಬೆರಳಚ್ಚು ಮಾಡಿಕೊಟ್ಟ ಥಿಯೊಡೊರಾ ಬೊಸಾಂಕೆಟ್ ತನ್ನ ನೆನಪುಗಳಲ್ಲಿ ಬರೆದಿರುವಂತೆ, ರೆಮಿಂಗ್ಟನ್ ಯಂತ್ರದ ಟಕಟಕ ಸದ್ದಿಲ್ಲದಿದ್ದರೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಅವನ ಕೊನೆಯ ಕಾಲದ ಕಾದಂಬರಿಗಳ ವಾಕ್ಯಗಳು ಸುತ್ತಿ ಬಳಸಿ ಮೈಲುಗಟ್ಟಲೆ ಹರಿಯುತ್ತವೆ. ಕೈ ಸುಮ್ಮನಿದ್ದು ಬಾಯಿ ಬರೆದದ್ದರ ಫಲ ಇದೆಂದು ವಿಮರ್ಶಕರು ಹೇಳುವುದುಂಟು. ಬಾಯಲ್ಲಿ ಹೇಳಿ ಪ್ರಬಂಧ ಬರೆಯುವವರ ಮಾರ್ಗದರ್ಶಕರು ಇದನ್ನು ಗಮನಿಸಬೇಕು. ಶಿಷ್ಯನ ವಾಕ್ಯಗಳು ಇದ್ದಕ್ಕಿದ್ದಂತೆ ಉದ್ದವಾದರೆ ಕಾರಣ ಪಾಂಡಿತ್ಯವೇ ಆಗಿರಬೇಕೆಂದಿಲ್ಲ.

ಯಂತ್ರಕ್ಕೆ ಕಿವಿ ಬಂದದ್ದು

ಯಂತ್ರಕ್ಕೆ ಮಾತು ತಿಳಿಸುವ ಪ್ರಯತ್ನ ಎಪ್ಪತ್ತು ವರ್ಷಕ್ಕೂ ಹಳೆಯದು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತಯಾರಿಸಿದ 'ಆಡ್ರಿ' ಎಂಬ ಯಂತ್ರಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಷ್ಟೇ ಗೊತ್ತಿತ್ತು, ಅದೂ ಪರಿಚಯದವರ ದನಿಯಲ್ಲಿ ಹೇಳಿದರೆ ಮಾತ್ರ. ಹತ್ತು ವರ್ಷದ ಬಳಿಕ ಸಿಯಾಟಲ್ ವಸ್ತುಪ್ರದರ್ಶನದಲ್ಲಿ ಐಬಿಎಂ ಕಂಪನಿ ಮುಂದಿಟ್ಟ 'ಶೂಬಾಕ್ಸ್' ಹದಿನಾರು ಪದ ಕಲಿತಿತ್ತು. 1976ರ ಹೊತ್ತಿಗೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಹಾರ್ಪಿ' 1,011 ಪದಗಳವರೆಗೆ ಬಂತು. ಅಲ್ಲಿ ಈ ಸಂಶೋಧನೆಗೆ ದಾರಿ ಹಾಕಿದವರು ಆಂಧ್ರದ ಕಾಟೂರಿನಲ್ಲಿ ಹುಟ್ಟಿದ ರಾಜ್ ರೆಡ್ಡಿ. 1994ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಮೊದಮೊದಲು ಅನೇಕ ವಿಜ್ಞಾನಿಗಳು ಯಂತ್ರಕ್ಕೆ ವ್ಯಾಕರಣ, ಉಚ್ಚಾರದ ನಿಯಮಗಳನ್ನು ಬೋಧಿಸಲು ಹೊರಟಿದ್ದರು. ಕಾರ್ನೆಗಿ ಮೆಲನ್‌ನಲ್ಲಿ ಓದುತ್ತಿದ್ದ ಜೇಮ್ಸ್ ಬೇಕರ್, ಐಬಿಎಂನ ಫ್ರೆಡ್ ಜೆಲಿನೆಕ್ ಮುಂತಾದವರು 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಯಂತ್ರಕ್ಕೆ ಭಾಷೆ ಅರ್ಥವಾಗಲೇಬೇಕೆಂದಿಲ್ಲ, ಯಾವ ಸದ್ದಿನ ನಂತರ ಯಾವ ಸದ್ದು, ಯಾವ ಪದದ ನಂತರ ಯಾವ ಪದ ಎಷ್ಟು ಸಲ ಬರುತ್ತದೆಂಬ ಲೆಕ್ಕ ಗೊತ್ತಿದ್ದರೆ ಸಾಕು ಎಂಬುದು ಅವರ ವಾದ.

ಕನ್ನಡದ್ದೇ ಒಂದು ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. 'ದನ' ಎಂದರೆ ಹಸು ಎಮ್ಮೆ, 'ಧನ' ಎಂದರೆ ದುಡ್ಡು. ಆಡುಮಾತಿನಲ್ಲಿ ಬಹುಪಾಲು ಜನ ಇವೆರಡನ್ನೂ ಒಂದೇ ರೀತಿ ಉಚ್ಚರಿಸುತ್ತಾರೆ. ಆದರೂ ಕೇಳುವವರಿಗೆ ಗೊಂದಲವಾಗುವುದಿಲ್ಲ. 'ಕೊಟ್ಟಿಗೆಯಲ್ಲಿ' ಎಂಬ ಮಾತು ಮೊದಲು ಬಂದರೆ ಅಲ್ಲಿ ಕಟ್ಟಿರುವುದು ದನ, 'ಸಹಾಯ' ಎಂಬ ಮಾತು ಹಿಂದೆ ಬಂದರೆ ಕೊಟ್ಟದ್ದು ಧನ. ಕೊಟ್ಟಿಗೆ ಎಂದರೇನು, ಅಲ್ಲಿ ದುಡ್ಡನ್ನು ಯಾಕೆ ಕಟ್ಟುವುದಿಲ್ಲ ಎಂಬುದು ಮನುಷ್ಯನಿಗೆ ಗೊತ್ತು. ಯಂತ್ರಕ್ಕೆ ಕೊಟ್ಟಿಗೆಯೂ ಗೊತ್ತಿಲ್ಲ, ದನವೂ ಗೊತ್ತಿಲ್ಲ. ತಾನು ಕಂಡ ಲಕ್ಷಾಂತರ ವಾಕ್ಯಗಳಲ್ಲಿ 'ಕೊಟ್ಟಿಗೆ'ಯ ಪಕ್ಕದಲ್ಲಿ 'ದನ' ಬಂದದ್ದೇ ಹೆಚ್ಚು ಎಂಬ ಲೆಕ್ಕ ಮಾತ್ರ ಅದರ ಬಳಿ ಇದೆ. ಕಿವಿಗೆ ಬಿದ್ದದ್ದು ಅರ್ಧ, ಲೆಕ್ಕದಿಂದ ಊಹಿಸಿದ್ದು ಅರ್ಧ. 2010ರ ಈಚೆಗೆ ನರಜಾಲವೆಂಬ ಹೊಸ ವಿಧಾನ ಬಂದು ಊಹೆಯ ಗುಣಮಟ್ಟ ಬಹಳ ಸುಧಾರಿಸಿತು. ಆದರೂ ಅದು ಊಹೆಯೇ.

ಐಬಿಎಂ ತಂಡ 1980ರ ದಶಕದಲ್ಲಿ ಸುಮಾರು ಇಪ್ಪತ್ತು ಸಾವಿರ ಪದ ಗುರುತಿಸುವ ವ್ಯವಸ್ಥೆಯೊಂದನ್ನು ರೂಪಿಸಿ 'ಟಾಂಗೋರಾ' ಎಂದು ಹೆಸರಿಟ್ಟಿತು. ಆಲ್ಬರ್ಟ್ ಟಾಂಗೋರಾ ಎಂಬಾತ 1923ರಲ್ಲಿ ಸಾಧಾರಣ ಬೆರಳಚ್ಚು ಯಂತ್ರದಲ್ಲಿ ಸತತ ಒಂದು ಗಂಟೆ ನಿಮಿಷಕ್ಕೆ 147 ಪದಗಳಂತೆ ಹೊಡೆದು ದಾಖಲೆ ಮಾಡಿದ್ದ. ಬೆರಳಿನ ಕೆಲಸಕ್ಕೆ ಬಿಡುಗಡೆ ಕೊಡಬೇಕಾದ ಯಂತ್ರಕ್ಕೆ ಬೆರಳಿನ ಮಹಾವೀರನ ಹೆಸರು!

ಜನಸಾಮಾನ್ಯರ ಮೇಜಿಗೆ ಈ ವಿದ್ಯೆಯನ್ನು ತಂದವರು ಜೇಮ್ಸ್ ಬೇಕರ್ ಮತ್ತು ಅವರ ಪತ್ನಿ ಜಾನೆಟ್. 1982ರಲ್ಲಿ ಅವರು ಕಟ್ಟಿದ ಡ್ರ್ಯಾಗನ್ ಕಂಪನಿ 1990ರಲ್ಲಿ 'ಡ್ರ್ಯಾಗನ್ ಡಿಕ್ಟೇಟ್' ಎಂಬ ತಂತ್ರಾಂಶ ಮಾರುಕಟ್ಟೆಗೆ ಬಿಟ್ಟಿತು. ಬೆಲೆ 9,000 ಡಾಲರ್. ಅಷ್ಟು ಕೊಟ್ಟರೂ ಪ್ರತಿ ಪದದ ನಂತರ ಒಂದಿಷ್ಟು ನಿಲ್ಲಬೇಕಿತ್ತು. ನಾನು. ಇಂದು. ಪ್ರಬಂಧದ. ಎರಡನೆಯ. ಅಧ್ಯಾಯ. ಹೀಗೆ. ದಿನವಿಡೀ ಒಂದೇ ಏರಿಳಿತದಲ್ಲಿ ತುಂಡುತುಂಡಾಗಿ ಮಾತಾಡಿ ಹಲವರ ಗಂಟಲು ಕೆಟ್ಟಿತು. ಕೈನೋವಿನಿಂದ ತಪ್ಪಿಸಿಕೊಳ್ಳಲು ಬಂದವರು ಗಂಟಲು ವೈದ್ಯರ ಬಾಗಿಲು ತಟ್ಟಿದರು. 1997ರಲ್ಲಿ ಬಂದ 'ನ್ಯಾಚುರಲಿ ಸ್ಪೀಕಿಂಗ್' ಆ ಕಾಟ ತಪ್ಪಿಸಿತು. 695 ಡಾಲರಿನ ಅದರ ಮುಂದೆ ಸಹಜವಾಗಿ, ತಡೆಯಿಲ್ಲದೆ ಮಾತಾಡಬಹುದಿತ್ತು. ವಕೀಲರು, ವೈದ್ಯರು, ಪ್ರಾಧ್ಯಾಪಕರು ಕೊಂಡರು. ಅಮೆರಿಕದ ಕಾದಂಬರಿಕಾರ ರಿಚರ್ಡ್ ಪವರ್ಸ್ ಹಾಸಿಗೆಯಲ್ಲಿ ಮಲಗಿ ಯಂತ್ರಕ್ಕೆ ಹೇಳಿ ಬರೆಯುವುದನ್ನೇ ಅಭ್ಯಾಸ ಮಾಡಿಕೊಂಡ. ಅವನ 'ದಿ ಎಕೋ ಮೇಕರ್' ಕಾದಂಬರಿಗೆ 2006ರಲ್ಲಿ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು.

ಬೇಕರ್ ದಂಪತಿಗೆ ಮಾತ್ರ ಇದರ ಫಲ ದಕ್ಕಲಿಲ್ಲ. 2000ದಲ್ಲಿ ಅವರು ತಮ್ಮ ಕಂಪನಿಯನ್ನು ಬೆಲ್ಜಿಯಮ್ಮಿನ ಕಂಪನಿಯೊಂದಕ್ಕೆ ಷೇರುಗಳ ರೂಪದಲ್ಲಿ ಮಾರಿದರು. ಕೊಂಡ ಕಂಪನಿಯ ಲೆಕ್ಕಪತ್ರವೇ ಸುಳ್ಳೆಂದು ಅದೇ ವರ್ಷ ಬಯಲಾಗಿ ಷೇರುಗಳು ಕಾಗದದ ಚೂರುಗಳಾದವು. ತಂತ್ರಾಂಶ ಕೈಯಿಂದ ಕೈಗೆ ದಾಟಿ ನುಅನ್ಸ್ ಎಂಬ ಕಂಪನಿ ಸೇರಿತು. 2022ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡಿತು.

ತಪ್ಪೇ ಕಾಣದ ತಪ್ಪು

ಲಾಭವೇನು ಎಂದು ಕೇಳುವವರಿಗೆ ಉತ್ತರ ಸುಲಭ. ಫೋನಿನ ಪರದೆಯ ಮೇಲೆ ಬೆರಳಾಡಿಸುವುದಕ್ಕಿಂತ ಇಂಗ್ಲಿಷಿನಲ್ಲಿ ಹೇಳಿ ಬರೆಸುವುದು ಸುಮಾರು ಮೂರು ಪಟ್ಟು ವೇಗವೆಂದು 2016ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿದ ಪ್ರಯೋಗ ತೋರಿಸಿತು. ಕನ್ನಡದ ಒತ್ತಕ್ಷರಗಳನ್ನು ನೆನೆದರೆ ಆಸೆ ಇನ್ನೂ ಹೆಚ್ಚುತ್ತದೆ. ಕೆ.ಪಿ. ರಾವ್ ರೂಪಿಸಿದ, 'ನುಡಿ'ಯ ಮೂಲಕ ಮನೆಮಾತಾದ ಕೀಲಿಮಣೆಯಲ್ಲಿ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಲ ಕೀಲಿ ಒತ್ತಬೇಕು. ಬಾಯಿಗೆ ಅದು ಅರ್ಧ ಉಸಿರಿನ ಕೆಲಸ.

ಆದರೆ ಸಂಶೋಧನ ಪ್ರಬಂಧವೆಂದರೆ ಬರಿಯ ಮಾತಿನ ಹೊಳೆಯಲ್ಲ. ಅದರಲ್ಲಿ ಅಡಿಟಿಪ್ಪಣಿಗಳಿವೆ, ಶಾಸನದ ಸಂಖ್ಯೆಗಳಿವೆ, ಪುಟದ ಅಂಕಿಗಳಿವೆ, ಯಾವ ನಿಘಂಟಿನಲ್ಲೂ ಇಲ್ಲದ ಊರು ಕೇರಿಗಳ ಹೆಸರುಗಳಿವೆ. ಪದಗಳ ಲೆಕ್ಕದ ಮೇಲೆ ನಡೆಯುವ ಯಂತ್ರಕ್ಕೆ ಅಪರೂಪದ ಪದವೆಂದರೆ ಮೈಮೇಲೆ ಮುಳ್ಳು. ಅದು ಆ ಪದವನ್ನು ತನಗೆ ಗೊತ್ತಿರುವ ಯಾವುದೋ ಹತ್ತಿರದ ಪದಕ್ಕೆ ತಿರುಗಿಸಿಬಿಡುತ್ತದೆ. ಸಂಶೋಧನೆಯ ಬೆಲೆಯಿರುವುದೇ ಅಪರೂಪದ ಪದಗಳಲ್ಲಿ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಬೆರಳಚ್ಚಿನ ತಪ್ಪಿಗೂ ಈ ತಪ್ಪಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅವಸರದಲ್ಲಿ ಕೀಲಿ ಒತ್ತುವಾಗ ತಪ್ಪಿದರೆ 'ಶಾಸನ' ಹೋಗಿ 'ಶಾಸಬ' ಆಗುತ್ತದೆ, ಕಣ್ಣಿಗೆ ಕೂಡಲೇ ಚುಚ್ಚುತ್ತದೆ. ಯಂತ್ರ ಲಿಪಿಕಾರ ಅಂಥ ಅಕ್ಷರದೋಷ ಮಾಡುವುದು ಅಪರೂಪ. ಅವನು 'ಶಾಸನ'ದ ಬದಲು 'ಆಸನ' ಎಂದು ಅಚ್ಚುಕಟ್ಟಾಗಿ ಬರೆದಿಡುತ್ತಾನೆ. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಅದು ತಪ್ಪಾಗಿ ಕಾಣುವುದಿಲ್ಲ. ಬರೆದವರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ತಾವು ಹೇಳಿದ್ದು ಏನೆಂದು ಅವರಿಗೆ ಗೊತ್ತಿರುವುದರಿಂದ ಅದನ್ನೇ ಓದಿಕೊಂಡು ಹೋಗುತ್ತಾರೆ. ಆದ್ದರಿಂದ ಹೇಳಿ ಬರೆಸಿದ ಪುಟಗಳನ್ನು ಅದೇ ದಿನ, ಹೇಳಿದ್ದು ನೆನಪಿರುವಾಗಲೇ, ಸಾಧ್ಯವಾದರೆ ದನಿಯ ಮುದ್ರಣವನ್ನೂ ಜತೆಗಿಟ್ಟುಕೊಂಡು ತಿದ್ದುವುದು ಲೇಸು. ಆರು ತಿಂಗಳು ಬಿಟ್ಟು ನೋಡಿದರೆ 'ಆಸನ' ಎಲ್ಲಿಂದ ಬಂತೆಂದು ಬರೆದವರಿಗೇ ತಿಳಿಯದು. ಹೀಗೆ ತಿದ್ದುವುದರಲ್ಲಿ ಉಳಿಸಿದ ಸಮಯದ ಒಂದು ಪಾಲು ಹೋಗುತ್ತದೆ. ಮಾರಾಟಗಾರರು ಹೇಳುವ ವೇಗದ ಲೆಕ್ಕದಲ್ಲಿ ಈ ಪಾಲು ಸೇರಿರುವುದಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಯಾರೂ ಹೇಳದ್ದನ್ನು ಯಂತ್ರ ಬರೆಯುವುದು. ಓಪನ್ ಎಐ ಕಂಪನಿ 2022ರಲ್ಲಿ 'ವಿಸ್ಪರ್' ಎಂಬ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. 6,80,000 ಗಂಟೆಗಳ ಮಾತು ಕೇಳಿ ಕಲಿತ ಅದಕ್ಕೆ ಕನ್ನಡವೂ ಅಷ್ಟಿಷ್ಟು ಬರುತ್ತದೆ. ಅಮೆರಿಕದ ಸಂಶೋಧಕರು 2024ರಲ್ಲಿ ಅದನ್ನು ಪರೀಕ್ಷಿಸಿದಾಗ, ನೂರು ತುಣುಕುಗಳಲ್ಲಿ ಸುಮಾರು ಒಂದರಲ್ಲಿ ಧ್ವನಿಮುದ್ರಣದಲ್ಲಿ ಇಲ್ಲವೇ ಇಲ್ಲದ ಮಾತುಗಳು, ಕೆಲವೆಡೆ ಇಡೀ ವಾಕ್ಯಗಳು ಸೇರಿಕೊಂಡಿದ್ದವು. ಮಾತಾಡುವವರು ಹೆಚ್ಚು ಹೊತ್ತು ಮೌನವಾಗಿದ್ದೆಡೆ, ಅದರಲ್ಲೂ ಮಾತು ತೊಡರುವ ಕಾಯಿಲೆಯವರ ವಿಷಯದಲ್ಲಿ ಇದು ಹೆಚ್ಚು. ನಿಲ್ಲಬಾರದೆಂಬ ಗಣಪತಿಯ ಷರತ್ತು ಅತಿಗೆ ಹೋದರೆ ಹೀಗಾಗುತ್ತದೆ. ವ್ಯಾಸರು ಸುಮ್ಮನಿದ್ದರೂ ಲೇಖನಿ ಓಡುತ್ತಲೇ ಇರುತ್ತದೆ.

ಅಳ್ಳಿ ಮತ್ತು ಹಳ್ಳಿ

ಗೂಗಲ್ ಕಂಪನಿ ತನ್ನ ಧ್ವನಿ ಬೆರಳಚ್ಚಿಗೆ ಕನ್ನಡವನ್ನು ಸೇರಿಸಿದ್ದು 2017ರ ಆಗಸ್ಟಿನಲ್ಲಿ, ತಮಿಳು, ತೆಲುಗು, ಮಲಯಾಳ, ಮರಾಠಿ ಮುಂತಾದವುಗಳ ಜತೆಗೆ. ಕನ್ನಡಕ್ಕೆ ಒಂದು ಅನುಕೂಲವಿದೆ. ನುಡಿದಂತೆ ಬರೆಯುವ ಲಿಪಿ ನಮ್ಮದು, ಇಂಗ್ಲಿಷಿನಂತೆ ಒಂದೇ ಸದ್ದಿಗೆ ಮೂರು ಬಗೆಯ ಕಾಗುಣಿತದ ಕಾಟ ಕಡಿಮೆ. ಆದರೆ ನುಡಿದಂತೆ ಬರೆಯುವುದೆಂಬುದು ಪೂರ್ತಿ ನಿಜವೂ ಅಲ್ಲ. ಮಹಾಪ್ರಾಣಗಳು ಕನ್ನಡಿಗರ ಮಾತಿನಲ್ಲಿಲ್ಲ, ಬರವಣಿಗೆಯಲ್ಲಿ ಮಾತ್ರ ಇವೆ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಹಲವು ಪಂಡಿತರು ಸಿಟ್ಟಾಗಿದ್ದರು. ಮಾತು ಕೇಳಿ ಬರೆಯಬೇಕಾದ ಯಂತ್ರಕ್ಕೆ ಅದು ವಾದವಲ್ಲ, ದಿನನಿತ್ಯದ ಕಷ್ಟ.

ಇನ್ನೊಂದು ಕಷ್ಟ ಪದಗಳ ಉದ್ದ. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಲ್ಲಿ ಹರಡಿಕೊಳ್ಳುವುದನ್ನು ಕನ್ನಡ 'ಹೇಳಬೇಕಾಗಿತ್ತಂತೆ' ಎಂದು ಒಂದೇ ಪದದಲ್ಲಿ ಮುಗಿಸುತ್ತದೆ. ಪ್ರತ್ಯಯಗಳು ಒಂದರ ಮೇಲೊಂದು ಏರಿ, ಸಂಧಿಯಾಗಿ, ಪದಗಳ ಎಣಿಕೆಗೆ ಮಿತಿಯೇ ಇರುವುದಿಲ್ಲ. ಇಷ್ಟು ಸಾವಿರ ಪದ ಕಲಿತರೆ ಸಾಕು ಎಂಬ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪದದ ತುಂಡುಗಳನ್ನೇ ಕಲಿಯಬೇಕು.

ಇವೆಲ್ಲಕ್ಕಿಂತ ತೊಡಕಿನದು, ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ಇರುವ ದೂರ. ಬಾಯಲ್ಲಿ ಬರುವುದು 'ಹೋಗ್ಬೇಕು', 'ಮಾಡ್ತೀನಿ'. ಪ್ರಬಂಧಕ್ಕೆ ಬೇಕಾದದ್ದು 'ಹೋಗಬೇಕು', 'ಮಾಡುತ್ತೇನೆ'. ಧಾರವಾಡದವರದು ಒಂದು ಧಾಟಿ, ಮಂಗಳೂರಿನವರದು ಇನ್ನೊಂದು, ಕಲಬುರಗಿಯವರದು ಮತ್ತೊಂದು. ಹೇಳಿ ಬರೆಸುವವರು ಪುಸ್ತಕ ಓದುವ ದನಿಯಲ್ಲಿ ಮಾತಾಡಬೇಕು, ಇಲ್ಲವೇ ಯಂತ್ರ ತಿದ್ದಿ ಬರೆಯಬೇಕು.

ಯಂತ್ರ ತಿದ್ದಿದರೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ಜಾನಪದ ಸಂಶೋಧಕರನ್ನು ಕೇಳಿದರೆ ಅಲ್ಲ ಎನ್ನುತ್ತಾರೆ. ಮಲೆ ಮಾದೇಶ್ವರನ ಕಥೆ ಹಾಡುವ ಕಂಸಾಳೆಯವರಿಂದಲೋ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿಂದಲೋ ರಾತ್ರಿಯಿಡೀ ಧ್ವನಿಮುದ್ರಿಸಿಕೊಂಡು, ಆಮೇಲೆ ತಿಂಗಳುಗಟ್ಟಲೆ ಕುಳಿತು, ಹಿಂದೆ ಮುಂದೆ ತಿರುಗಿಸಿ ಕೇಳುತ್ತ ಬರೆದುಕೊಳ್ಳುವುದು ಆ ಕ್ಷೇತ್ರದ ಕೂಲಿ ಕೆಲಸ. ಯಂತ್ರಕ್ಕೆ ಒಪ್ಪಿಸಿ ಕೈ ತೊಳೆದುಕೊಳ್ಳೋಣವೆನಿಸುವುದು ಸಹಜ. ಆದರೆ ಹಳೆ ಮೈಸೂರಿನ ಹಾಡುಗಾರ 'ಅಳ್ಳಿ' ಎಂದದ್ದನ್ನು ಯಂತ್ರ 'ಹಳ್ಳಿ' ಎಂದು ತಿದ್ದಿ ಬರೆದರೆ, ಅಲ್ಲಿ ಹೋದದ್ದು ಹಾಡುಗಾರನ ನುಡಿ. ಅಪರೂಪದ ದೈವದ ಹೆಸರೊಂದನ್ನು ಪರಿಚಿತ ದೇವರ ಹೆಸರಾಗಿ ಬದಲಿಸಿದರೆ ಹೋದದ್ದು ಪ್ರಬಂಧದ ವಿಷಯವೇ. ಇಂಗ್ಲಿಷಿನಲ್ಲೂ ಇಂಥ ಪಕ್ಷಪಾತ ಕಂಡುಬಂದಿದೆ. ಐದು ದೊಡ್ಡ ಕಂಪನಿಗಳ ವ್ಯವಸ್ಥೆಗಳನ್ನು 2020ರಲ್ಲಿ ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ನೂರಕ್ಕೆ ಸರಾಸರಿ 19 ಪದಗಳು ತಪ್ಪಾದರೆ ಕರಿಯ ಅಮೆರಿಕನ್ನರ ಮಾತಿನಲ್ಲಿ 35 ತಪ್ಪಾದವು. ಯಾರ ಮಾತನ್ನು ಯಂತ್ರ ಹೆಚ್ಚು ಕೇಳಿದೆಯೋ ಅವರ ಮಾತು ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ.

ಪರಿಹಾರವೆಂದರೆ ಎಲ್ಲರ ಮಾತನ್ನೂ ಕೇಳಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ 2022ರಲ್ಲಿ ಕೈಗೊಂಡ 'ವಾಣಿ' ಯೋಜನೆಯ ಗುರಿ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತನ್ನು ಸಂಗ್ರಹಿಸುವುದು. ಭಾಷೆಯ ಬದಲು ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡದ್ದು ಜಾಣತನ. ಚಾಮರಾಜನಗರದ ಕನ್ನಡ ಬೀದರಿನ ಕನ್ನಡವಲ್ಲ ಎಂಬುದನ್ನು ಒಪ್ಪಿಕೊಂಡೇ ಅದು ಹೊರಟಿದೆ.

ತಿಳಿದಿರಬಾರದ ಲಿಪಿಕಾರ

ಲಿಪಿಕಾರನಿಗೆ ಅರ್ಥ ತಿಳಿದಿರಬೇಕೆಂಬ ವ್ಯಾಸರ ಷರತ್ತು ತಲೆಕೆಳಗಾಗುವ ಜಾಗವೊಂದಿದೆ. ಅದು ಪರೀಕ್ಷೆಯ ಕೊಠಡಿ. ಕಣ್ಣು ಕಾಣದ, ಕೈ ಆಡದ ವಿದ್ಯಾರ್ಥಿಗಳಿಗೆ ಉತ್ತರ ಬರೆದುಕೊಡುವವರನ್ನು ಒದಗಿಸಬೇಕು, ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದು ಕೇಂದ್ರ ಸರ್ಕಾರದ 2013ರ ಮಾರ್ಗಸೂಚಿ ಹೇಳಿತು. ಅಭ್ಯರ್ಥಿ ತಾನೇ ಬರೆಯುವವರನ್ನು ಕರೆತಂದರೆ ಅವರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂಬ ಷರತ್ತು 2018ರಲ್ಲಿ ಸೇರಿತು. ಬರೆಯುವವರು ತಮ್ಮ ಜ್ಞಾನವನ್ನು ಉತ್ತರಕ್ಕೆ ಬೆರೆಸಬಾರದೆಂಬುದು ಉದ್ದೇಶ. ಇದರ ಬಿಸಿ ತಟ್ಟುವುದು ವಿದ್ಯಾರ್ಥಿಗಳಿಗೇ. ಬಿ.ಎಸ್‌ಸಿ. ವಿದ್ಯಾರ್ಥಿಯ ರಸಾಯನಶಾಸ್ತ್ರದ ಸೂತ್ರವನ್ನು ಪಿಯುಸಿ ಹುಡುಗ ಬರೆದುಕೊಳ್ಳುವಾಗ ಪ್ರತಿ ಪದಕ್ಕೂ ಕಾಗುಣಿತ ಹೇಳಬೇಕಾಗುತ್ತದೆ.

ಕೈ ಸೆಟೆದುಕೊಂಡು ಲೇಖನಿ ಹಿಡಿಯಲಾಗದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಬರೆಯುವವರನ್ನು ನಿರಾಕರಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶೇಕಡಾ ನಲವತ್ತರ ಅಳತೆಗೆ ಸಿಗದ ಅಂಗವೈಕಲ್ಯವಾದರೂ ಬರೆಯಲು ನೆರವು ಪಡೆಯುವ ಹಕ್ಕಿದೆಯೆಂದು ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಇಂಥವರಿಗೆ ಯಂತ್ರ ಲಿಪಿಕಾರ ಒಳ್ಳೆಯ ಆಯ್ಕೆಯಾದೀತು. ಅವನು ಯಾರ ಪಕ್ಷವನ್ನೂ ವಹಿಸುವುದಿಲ್ಲ, ಕೊನೆಯ ಗಳಿಗೆಯಲ್ಲಿ ಜ್ವರ ಬಂದಿದೆಯೆಂದು ಹೇಳಿ ಕಳಿಸುವುದಿಲ್ಲ. ಆದರೆ ಕೊಠಡಿಯ ತುಂಬ ಜನ ಬರೆಯುತ್ತಿರುವಾಗ ಗಟ್ಟಿಯಾಗಿ ಹೇಳುವಂತಿಲ್ಲ, ಬೇರೆ ಕೋಣೆ ಬೇಕು. ಮಾತನ್ನು ದೂರದ ಕಂಪನಿಯೊಂದರ ಕಂಪ್ಯೂಟರಿಗೆ ಕಳಿಸಿ ಅಕ್ಷರ ಮಾಡಿಸಿಕೊಳ್ಳುವ ವ್ಯವಸ್ಥೆಯಾದರೆ ಪರೀಕ್ಷಾ ಮಂಡಳಿಗಳು ಒಪ್ಪುವುದು ಕಷ್ಟ. ಕೊಠಡಿಯಲ್ಲೇ ಕೆಲಸ ಮಾಡುವ ವ್ಯವಸ್ಥೆ ಬೇಕು, ಅದೂ ಕನ್ನಡದಲ್ಲಿ. ತಂತ್ರಜ್ಞಾನಕ್ಕೆ ಇದು ಅಸಾಧ್ಯವಾದ ಕೆಲಸವೇನಲ್ಲ.

ಸಂಶೋಧನೆಯ ಮೇಜಿಗೆ ಮರಳುವುದಾದರೆ, ಹೇಳಿ ಬರೆಸುವುದನ್ನು ರೂಢಿಸಿಕೊಂಡವರು ಅಧ್ಯಾಯ ಅಧ್ಯಾಯವನ್ನೇ ಒಂದೇ ಉಸಿರಿನಲ್ಲಿ ಹೇಳಲು ಹೋಗುವುದಿಲ್ಲ. ಒಂದು ಕಾಗದದಲ್ಲಿ ನಾಲ್ಕಾರು ಅಂಶಗಳನ್ನು ಗುರುತು ಹಾಕಿಕೊಂಡು, ಒಂದು ಪ್ಯಾರಾ ಮನಸ್ಸಿನಲ್ಲಿ ಕಟ್ಟಿಕೊಂಡು, ಆಮೇಲೆ ಬಾಯಿ ತೆರೆಯುತ್ತಾರೆ. ಅಂಕಿ ಅಂಶ, ಉದ್ಧರಣೆ, ಅಡಿಟಿಪ್ಪಣಿಗಳನ್ನು ಕೈಯಾಡಿದಷ್ಟು ಕೈಯಲ್ಲೇ ತುಂಬುತ್ತಾರೆ, ಕೈ ಆಡದವರು ಗೆಳೆಯರ ನೆರವು ಪಡೆಯುತ್ತಾರೆ. ಕುಮಾರವ್ಯಾಸ ಬೇಡವೆಂದ ಹಲಗೆ ಬಳಪ ಇವರಿಗೆ ಬೇಕೇ ಬೇಕು.

ಆಯ್ಲರನೂ ಕೊನೆಯವರೆಗೆ ಹಲಗೆ ಬಿಟ್ಟವನಲ್ಲ. 1783ರ ಬೇಸಿಗೆಯಲ್ಲಿ ಫ್ರಾನ್ಸಿನ ಮಾಂಗಾಲ್ಫಿಯೆ ಸೋದರರು ಬಿಸಿಗಾಳಿಯ ಬಲೂನನ್ನು ಹಾರಿಸಿದ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತ್ತು. ಅದು ಮೇಲೇರುವ ಬಗೆಯನ್ನು ಆಯ್ಲರ್ ಹಲಗೆಯ ಮೇಲೆ ಲೆಕ್ಕಹಾಕಿದ್ದ. ಸೆಪ್ಟೆಂಬರ್ 18ರಂದು ಲೆಕ್ಸೆಲ್ ಮತ್ತು ಫುಸ್ ಜತೆ ಹೊಸದಾಗಿ ಕಂಡ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಮಾತಾಡಿದ. ಅಂದೇ ರಾತ್ರಿ ತೀರಿಕೊಂಡ. ಪ್ಯಾರಿಸ್ಸಿನ ಅಕಾಡೆಮಿ ಆ ಬಲೂನಿನ ಲೆಕ್ಕವನ್ನು ಮರು ವರ್ಷ ಪ್ರಕಟಿಸಿತು. ಆಯ್ಲರ್ ತೀರಿಕೊಂಡ ಮೇಲೆ ಅವನ ಹಲಗೆಯ ಮೇಲೆ ಕಂಡದ್ದನ್ನು ಕಂಡ ಹಾಗೆಯೇ ಕೊಟ್ಟಿದೆ ಎಂದು ತಲೆಬರಹದಲ್ಲೇ ಹೇಳಿತು.